ಭಾನುವಾರದ ಮೋಡೆಮ್

ಆಸ್ಟ್ರೇಲಿಯಾದ ಪರ್ತ್‌ನಲ್ಲಿ ನಾವಿದ್ದ ಕಡೆ ವರ್ಷಕ್ಕೊಮ್ಮೆ ಕೌನ್ಸಿಲ್‌ನವರು ದೊಡ್ಡ ಕಸ ಎತ್ತುವ ವಾರ ಬರುತ್ತಿತ್ತು. ಜನ ತಮಗೆ ಬೇಡವಾದ ಸೋಫಾ, ಹಾಸಿಗೆ, ಟಿವಿಗಳನ್ನೆಲ್ಲ ಮನೆ ಮುಂದಿನ ಹುಲ್ಲಿನ ಅಂಚಿಗೆ ತಂದು ಗುಡ್ಡೆ ಹಾಕುತ್ತಿದ್ದರು. ಲಾರಿ ಬರುವ ಮೊದಲು ಯಾರು ಏನನ್ನು ಎತ್ತಿಕೊಂಡು ಹೋದರೂ ಯಾರೂ ಕೇಳುತ್ತಿರಲಿಲ್ಲ. ಮಗಳಿಗೆ ಆಗ ಎಂಟೋ ಒಂಬತ್ತೋ ವರ್ಷ. ಒಂದು ಶನಿವಾರ ಬೆಳಿಗ್ಗೆ ಇಬ್ಬರೂ ಪಾರ್ಕಿಗೆ ಹೊರಟಿದ್ದಾಗ ಮುರಿದ ಇಸ್ತ್ರಿ ಮೇಜಿನ ಕೆಳಗಿಂದ ಅವಳು ಒಂದು ಬಿಳಿ ಡಬ್ಬ ಎಳೆದಳು. ತೊಂಬತ್ತರ ದಶಕದ ಕೊನೆಯಲ್ಲಿ ಬಂದು, ಬಂದಷ್ಟೇ ಬೇಗ ಅಂಗಡಿಗಳಿಂದ ಮಾಯವಾದ ಒಂದು ಗೇಮ್ ಕನ್ಸೋಲ್ ಅದು. ಬಿಳಿ ಬಣ್ಣ ಹಳದಿಗೆ ತಿರುಗಿತ್ತು. ಒಳಗೆ ಇರುವೆಗಳಿದ್ದವು.

ಅದನ್ನು ಹಿತ್ತಲಿನಲ್ಲಿ ಬಿಚ್ಚಿ ಒರೆಸುತ್ತಿದ್ದಾಗ ಮಗಳು ಪಕ್ಕದಲ್ಲಿ ಅಂಟಿಕೊಂಡಿದ್ದ ಸಣ್ಣ ತುಂಡೊಂದನ್ನು ಬೆರಳಿನಿಂದ ಕೆರೆದಳು.

“ಅಪ್ಪ, ಈ ಹೋಲ್ ಯಾಕೆ?”

“ಅದು ಮೋಡೆಮ್ ಪುಟ್ಟಿ. ಅಲ್ಲಿಗೆ ಫೋನ್ ವೈರ್ ಚುಚ್ಚಬೇಕು.”

“ಗೇಮ್‌ಗೆ ಫೋನ್ ಯಾಕೆ? ಹೂ ಡಸ್ ಇಟ್ ಕಾಲ್?”

ನನಗೆ ಖುಷಿಯಾಯಿತು. ಮದುವೆಗೆ ಮುಂಚೆ ನಾನು ಬೆಂಗಳೂರಿನ ಒಂದು ಪುಟ್ಟ ಇಂಟರ್ನೆಟ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದೆ. ಕಿಟಕಿಯಿಲ್ಲದ ಒಂದು ಕೋಣೆ, ಅದರ ತುಂಬ ಕಪಾಟುಗಳಲ್ಲಿ ಸಾಲಾಗಿ ಜೋಡಿಸಿದ ಮೋಡೆಮ್‌ಗಳು. ಊರಿನವರೆಲ್ಲ ತಮ್ಮ ಮನೆಯ ಫೋನಿನಿಂದ ಡಯಲ್ ಮಾಡಿದಾಗ ಅವು ಒಂದೊಂದಾಗಿ ಎತ್ತಿಕೊಂಡು ಉತ್ತರ ಕೊಡುತ್ತಿದ್ದವು. ಅವುಗಳ ಮಾತು ಹೇಗಿರುತ್ತಿತ್ತೆಂದು ನಾನು ಮಗಳಿಗೆ ಮಾಡಿ ತೋರಿಸಿದೆ: ಮೊದಲು ಡಯಲ್ ಟೋನ್, ಆಮೇಲೆ ಕೀಚಲು, ಆಮೇಲೆ ಮರಳು ಸುರಿದ ಹಾಗೆ ಕರ್‌ರ್ರ್ ಎನ್ನುವ ಸದ್ದು. ಅಡುಗೆಮನೆ ಕಿಟಕಿಯಿಂದ ಹೆಂಡತಿ ಇಣುಕಿದಳು. “ಏನ್ರೀ ಅದು? ಬೆಕ್ಕು ಎಲ್ಲಾದ್ರೂ ಸಿಕ್ಕಾಕೊಂಡಿದ್ಯಾ?”

ಮೂವರೂ ನಕ್ಕೆವು. ನಾವು ಮೂವರೂ ಒಟ್ಟಿಗೆ ನಕ್ಕಿದ್ದು ಅದಾದ ಮೇಲೆ ಹೆಚ್ಚು ಸಲ ನೆನಪಿಲ್ಲ.

ಕನ್ಸೋಲ್ ಕೆಲಸ ಮಾಡಿತು. ಮೋಡೆಮ್ ಮಾತ್ರ ಸುಮ್ಮನೆ ಅಂಟಿಕೊಂಡೇ ಇತ್ತು. ಅದು ಯಾರಿಗೆ ಫೋನ್ ಮಾಡಬೇಕಿತ್ತೋ ಆ ಕಂಪನಿ ತನ್ನ ಲೈನುಗಳನ್ನು ಮುಚ್ಚಿ ಎಷ್ಟೋ ವರ್ಷಗಳಾಗಿದ್ದವು.

ಎರಡು ವರ್ಷಗಳಲ್ಲಿ ನಾನೂ ಹೆಂಡತಿಯೂ ಬೇರೆಯಾದೆವು. ಅದರ ಕಾರಣಗಳನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಬಾಯಲ್ಲಿ ಅವು ಒಂದು ಥರ ಕೇಳುತ್ತವೆ, ಅವಳ ಬಾಯಲ್ಲಿ ಇನ್ನೊಂದು ಥರ. ಬ್ರಿಸ್ಬೇನ್‌ನ ಕ್ಯಾಲಮ್‌ವೇಲ್‌ನಲ್ಲಿ ಅವಳ ಅಕ್ಕನ ಮನೆಯಿತ್ತು. ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋದಳು. ದೇಶದ ಒಂದು ತುದಿಯಲ್ಲಿ ನಾನು, ಇನ್ನೊಂದು ತುದಿಯಲ್ಲಿ ಮಗಳು. ಹೋಗುವಾಗ ಮಗಳು ಆ ಬಿಳಿ ಕನ್ಸೋಲನ್ನು ತನ್ನ ಸೂಟ್‌ಕೇಸಿನಲ್ಲಿ ಟವೆಲ್ ಸುತ್ತಿ ಇಟ್ಟುಕೊಂಡಳು. ಇದನ್ನು ನಾನು ಬಹಳ ದಿನ ಒಂದು ಸಾಕ್ಷಿಯ ಹಾಗೆ ಎದೆಗೆ ಕಟ್ಟಿಕೊಂಡಿದ್ದೆ.

ಆಮೇಲೆ ಅವಳ ಅಮ್ಮ ಮತ್ತೆ ಮದುವೆಯಾದಳು. ಆತ ಉಡುಪಿ ಕಡೆಯ ಕ್ಯಾಥೊಲಿಕ್. ಬಹಳ ವರ್ಷ ಕುವೈತ್‌ನಲ್ಲಿದ್ದು ಬಂದವರು, ಬ್ರಿಸ್ಬೇನ್‌ನಲ್ಲಿ ಲಿಫ್ಟ್ ರಿಪೇರಿಯ ಕೆಲಸ. ಮೂವರೂ ಊರಂಚಿನ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನ ಹೊಸ ಮನೆಗೆ ಹೋದರು. ಮಗಳು ಆತನನ್ನು ಅಂಕಲ್ ಎನ್ನುತ್ತಿದ್ದಳು. ಅಷ್ಟರಮಟ್ಟಿಗೆ ನನಗೆ ಸಮಾಧಾನವಿತ್ತು.

ಫೋನಿನಲ್ಲಿ ನಮ್ಮ ಮಾತು ಹೀಗಿರುತ್ತಿತ್ತು.

“ಹೇಗಿದ್ದೀಯ ಪುಟ್ಟಿ?”

“ಗುಡ್.”

“ಸ್ಕೂಲ್?”

“ಗುಡ್.”

“ಏನ್ ಊಟ ಮಾಡ್ದೆ?”

“ಪಾಸ್ತಾ.”

ಫೋನ್ ಇಟ್ಟ ಮೇಲೆ ನಾನು ಕೇಳಬೇಕಾಗಿದ್ದ ಪ್ರಶ್ನೆಗಳೆಲ್ಲ ನೆನಪಾಗುತ್ತಿದ್ದವು.

ಹಳೆಯ ಕನ್ಸೋಲ್‌ಗಳ ಹುಚ್ಚಿರುವವರು ಸೇರುವ ಒಂದು ಇಂಟರ್ನೆಟ್ ತಾಣದಲ್ಲಿ ಒಂದು ದಿನ ಆ ಸುದ್ದಿ ಓದಿದೆ. ಆ ಕಂಪನಿ ಮುಚ್ಚಿದ ಸರ್ವರ್‌ಗಳ ಬದಲು ಯಾರೋ ತಮ್ಮದೇ ಸರ್ವರ್ ನಡೆಸುತ್ತಿದ್ದರು. ಆ ಮೋಡೆಮ್‌ಗಳನ್ನು ಮತ್ತೆ ಮಾತಾಡಿಸಲು ಒಂದು ಉಪಾಯವನ್ನೂ ಹುಡುಕಿದ್ದರು. ಅಂಗೈಯಗಲದ ಒಂದು ಕಂಪ್ಯೂಟರ್ ಬೋರ್ಡ್, ಅದಕ್ಕೆ ಯುಎಸ್‌ಬಿಯಲ್ಲಿ ಚುಚ್ಚುವ ಒಂದು ಅಗ್ಗದ ಡಯಲ್-ಅಪ್ ಮೋಡೆಮ್, ಅಲ್ಲಿಂದ ಕನ್ಸೋಲಿಗೆ ಒಂದು ಮೊಳ ಫೋನ್ ವೈರ್. ಬೋರ್ಡು ಡಯಲ್ ಟೋನ್ ನುಡಿಸುತ್ತದೆ. ಕನ್ಸೋಲ್ ತಾನು ನಿಜವಾದ ಫೋನ್ ಲೈನಿನಲ್ಲಿದ್ದೇನೆಂದು ತಿಳಿದು ಡಯಲ್ ಮಾಡುತ್ತದೆ. ಬೋರ್ಡೇ ಎತ್ತಿಕೊಂಡು ಮನೆಯ ವೈಫೈ ಮೂಲಕ ಅದನ್ನು ಹೊರಗೆ ದಾಟಿಸುತ್ತದೆ. ಲೈನಿನಲ್ಲಿ ಒಂದಿಷ್ಟು ಕರೆಂಟ್ ಇಲ್ಲದಿದ್ದರೆ ಕೆಲವು ಮೋಡೆಮ್‌ಗಳು ಮಿಸುಕುವುದಿಲ್ಲ. ಅದಕ್ಕೆಂದು ನಡುವೆ ಒಂಬತ್ತು ವೋಲ್ಟಿನ ಬ್ಯಾಟರಿ ಇರುವ ಒಂದು ಪುಟ್ಟ ಡಬ್ಬಿ ಸೇರಿಸಬೇಕಿತ್ತು.

ಇದು ನನ್ನ ಕೆಲಸ. ನಾನು ಕಲಿತು, ಮಾಡಿ, ಆಮೇಲೆ ಯಾರಿಗೂ ಬೇಡವಾದ ಕೆಲಸ. ಕೆಲವೇ ವಾರಗಳಲ್ಲಿ ಎರಡು ಸೆಟ್ ಮಾಡಿದೆ. ನನಗೊಂದು ಕನ್ಸೋಲ್ ಬೇಕಿತ್ತು, ಪರ್ತ್‌ನ ಒಂದು ಚರ್ಚ್ ಹಾಲಿನಲ್ಲಿ ಹಳೆಯ ಗೇಮ್‌ಗಳ ಸಂತೆ ನಡೆದಾಗ ಕೊಂಡೆ. ಮಾರುತ್ತಿದ್ದವನು ಮೋಡೆಮನ್ನು ತೋರಿಸಿ, “ಇದೊಂದು ಅಲಂಕಾರಕ್ಕೆ ಇದೆ ಮೇಟ್, ಮತ್ಯಾತಕ್ಕೂ ಬರಲ್ಲ” ಎಂದ. ನಾನು ನಕ್ಕು ಬ್ಯಾಗಿಗೆ ಹಾಕಿಕೊಂಡೆ. ಇನ್ನೊಂದು ಸೆಟ್ಟಿನ ಒಂದೊಂದು ವೈರಿಗೂ ಬಣ್ಣದ ಟೇಪು ಸುತ್ತಿ, ಜೊತೆಗೊಂದು ಕೀಬೋರ್ಡ್ ಇಟ್ಟು ಮಗಳಿಗೆ ಪಾರ್ಸೆಲ್ ಮಾಡಿದೆ.

ಮೊದಲ ಭಾನುವಾರ ಫೋನನ್ನು ಸ್ಪೀಕರಿನಲ್ಲಿಟ್ಟು ಹೇಳಿಕೊಟ್ಟೆ.

“ಕೆಂಪು ಟೇಪಿಂದು ಮೋಡೆಮ್‌ಗೆ ಚುಚ್ಚು. ಟಕ್ ಅಂತ ಸದ್ದು ಬಂತಾ?”

“ಬಂತು.”

“ಈಗ ಡಯಲ್ ಒತ್ತು.”

ಬ್ರಿಸ್ಬೇನಿನಿಂದ ಆ ಕೀಚಲು ದನಿ ಫೋನಿನೊಳಗೆ ಬಂತು. ಆಮೇಲೆ ಮರಳಿನ ಸದ್ದು. ಆಮೇಲೆ ಮಗಳು ಕಿರುಚಿದಳು: “ಅಪ್ಪಾ! ಐ ಕ್ಯಾನ್ ಸೀ ಯು!”

ಅವಳಿಗೆ ಕಂಡ ನಾನು ಪರದೆಯ ಮೇಲಿನ ಹಸಿರು ಅಂಗಿಯ ಗೊಂಬೆ. ಅವಳು ಕೆಂಪು ಅಂಗಿಯವಳು. ಇಬ್ಬರೂ ಜೊತೆಯಾಗಿ ಗುಹೆಗಳಲ್ಲಿ ನಡೆದು ಮೃಗಗಳನ್ನು ಹೊಡೆಯುವ ಆಟ ಅದು. ಒಬ್ಬರು ಬಿದ್ದರೆ ಇನ್ನೊಬ್ಬರು ಬಂದು ಎಬ್ಬಿಸಬಹುದಿತ್ತು. ಮಾತಾಡಬೇಕೆಂದರೆ ಕೀಬೋರ್ಡಿನಲ್ಲಿ ಟೈಪ್ ಮಾಡಬೇಕು. ಅಕ್ಷರಗಳು ಗೊಂಬೆಯ ತಲೆಯ ಮೇಲೆ ಮೂಡುತ್ತಿದ್ದವು.

ಭಾನುವಾರ ಅವಳು ಊಟ ಮುಗಿಸಿ ಕೂರುವಾಗ ಪರ್ತ್‌ನಲ್ಲಿ ಇನ್ನೂ ಬೆಳಗಿನ ಹೊತ್ತು. ಉಪ್ಪಿಟ್ಟು ಮಾಡಿ ತಟ್ಟೆ ಹಿಡಿದು ಟಿವಿಯ ಮುಂದೆ ಕೂರುತ್ತಿದ್ದೆ. ಮೊದಲ ಕೆಲವು ತಿಂಗಳು ಫೋನನ್ನೂ ಪಕ್ಕದಲ್ಲಿ ತೆರೆದಿಟ್ಟುಕೊಂಡು ಆಡಿದೆವು. ಅವಳು ದಡಬಡ ಮುಂದೆ ಓಡುವುದು, ಮೃಗಗಳ ನಡುವೆ ಸಿಕ್ಕಿಕೊಳ್ಳುವುದು, “ಅಪ್ಪ ಹೆಲ್ಪ್, ಹೆಲ್ಪ್” ಎಂದು ಕೂಗುವುದು, ನಾನು ಹೋಗಿ ಎಬ್ಬಿಸುವುದು. ಆಮೇಲೊಮ್ಮೆ, “ಫೋನ್ ಬೇಡ ಅಪ್ಪ, ಟೈಪ್ ಮಾಡೋಣ, ಅದೇ ಮಜಾ” ಎಂದಳು. ಆಗಲಿ ಎಂದೆ. ಫೋನ್ ಬುಧವಾರಕ್ಕೆ ಹೋಯಿತು, ಭಾನುವಾರ ಆಟಕ್ಕೆ ಉಳಿಯಿತು.

ಕನ್ನಡ ಬಳಗದವರು ಪಿಕ್‌ನಿಕ್‌ಗೆ ಕರೆದರೆ, ಆಫೀಸಿನವರು ಬಾರ್ಬೆಕ್ಯೂ ಊಟಕ್ಕೆ ಕರೆದರೆ ನನ್ನದು ಒಂದೇ ಉತ್ತರ: “ಭಾನುವಾರ ಆಗಲ್ಲ, ಮಗಳ ಜೊತೆ ಇರ್ತೀನಿ.” ಹೆಂಡತಿ ಬಿಟ್ಟುಹೋದ ಗಂಡಸಿಗೆ ಹಾಗೆ ಹೇಳಿಕೊಳ್ಳುವುದರಲ್ಲಿ ಎಂಥ ಹೆಮ್ಮೆಯಿರುತ್ತದೆಂದು ಹೇಳಿದರೆ ತಿಳಿಯುವುದಿಲ್ಲ.

ಕಾಲ ಹೋದ ಹಾಗೆ ಅವಳ ಆಟ ಬದಲಾಯಿತು. ಮುಂದೆ ಓಡುವುದು ನಿಂತಿತು. ಬಾಗಿಲ ಹತ್ತಿರ ನನಗಾಗಿ ಕಾಯುತ್ತಿದ್ದಳು. ನನಗೆ ಪೆಟ್ಟು ಬಿದ್ದರೆ ತನ್ನ ಪಾಲಿನ ಔಷಧವನ್ನು ಕೊಟ್ಟುಬಿಡುತ್ತಿದ್ದಳು. ದೊಡ್ಡವಳಾಗುತ್ತಿದ್ದಾಳೆ ಎಂದುಕೊಂಡೆ. ಒಮ್ಮೆ ಅವಳ ಕಡೆ ಬ್ಯಾಟರಿ ಮುಗಿದು ಲೈನ್ ಸಿಗದೆ ತಡವಾಯಿತು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಬಂದು, ಬ್ಯಾಟರಿ ಬದಲಾಯಿಸಿದೆ, ವೈರೂ ಸಡಿಲವಾಗಿತ್ತು, ಬೆಸುಗೆ ಹಾಕಿದೆ ಎಂದು ಬರೆದಳು. ನಾನು ಮಾರನೆಯ ದಿನ ಆಫೀಸಿನಲ್ಲಿ ಕಂಡಕಂಡವರಿಗೆಲ್ಲ ಹೇಳಿದೆ, ನನ್ನ ಮಗಳು ಸೋಲ್ಡರಿಂಗ್ ಐರನ್ ಹಿಡಿಯುತ್ತಾಳೆ ಎಂದು.

ಟೈಪ್ ಮಾಡುವುದರಲ್ಲಿ ನನಗೂ ಒಂದು ಸಲೀಸು ಬಂತು. ಎದುರಿಗೆ ಹೇಳಲಾಗದ್ದನ್ನೆಲ್ಲ ಬರೆಯುತ್ತಿದ್ದೆ. ನಿನ್ನ ಹಳೇ ಸ್ಕೂಲ್ ಹ್ಯಾಟ್ ಇನ್ನೂ ಬಾಗಿಲ ಹಿಂದೆಯೇ ಇದೆ ಎಂದು. ಮನೆ ಬಿಕೋ ಅನ್ನುತ್ತದೆ ಎಂದು. ನಿನ್ನಮ್ಮನ ಹತ್ತಿರ ನಾನು ಅಷ್ಟು ಕೂಗಾಡಬಾರದಿತ್ತು, ನೀನು ಕೋಣೆಯಲ್ಲಿ ಕೇಳಿಸಿಕೊಳ್ಳುತ್ತಿದ್ದೆ ಅಂತ ನನಗೆ ಗೊತ್ತಿತ್ತು ಎಂದೂ ಬರೆದೆ. ಕೆಂಪು ಗೊಂಬೆ ಬಹಳ ಹೊತ್ತು ಅಲುಗಾಡದೆ ನಿಂತಿತು. ಆಮೇಲೆ ಅದರ ತಲೆಯ ಮೇಲೆ ಬಂತು: ಇಟ್ಸ್ ಓಕೆ ಅಪ್ಪ.

ಅವತ್ತು ಅತ್ತೆ.

ಇನ್ನೊಂದು ಭಾನುವಾರ ನಾನು ಗುಂಡಿಯೊಂದಕ್ಕೆ ಬಿದ್ದಾಗ ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಬಂತು: ಅಯ್ಯೋ ಮಾರಾಯ.

ನನಗೆ ಮೈ ಉರಿಯಿತು. ನಮ್ಮ ಮೈಸೂರು ಕಡೆ ಮನೆಯಲ್ಲಿ ಯಾರೂ ಆಡದ ಮಾತು. ಕರಾವಳಿಯವರ ಮಾತು, ಆ ಮನುಷ್ಯನ ಮಾತು. ನಾನು ಎಷ್ಟು ಗೋಗರೆದರೂ ಕನ್ನಡದಲ್ಲಿ ಎರಡು ಸಾಲು ಬರೆಯದ ಹುಡುಗಿ, ಅವನ ಕನ್ನಡವನ್ನು ಬಾಯಿಗೆ ಹತ್ತಿಸಿಕೊಂಡಿದ್ದಾಳಲ್ಲ! “ನಾವು ಹಾಗನ್ನಲ್ಲ ಪುಟ್ಟಿ” ಎಂದು ಬರೆದೆ. “ಸಾರಿ” ಎಂದು ಬಂತು. ಆ ಮಾತು ಮತ್ತೆಂದೂ ಬರಲಿಲ್ಲ. ನಾನೇ ಗೆದ್ದೆ ಅಂದುಕೊಂಡೆ.

ಪರ್ತ್‌ನ ಕೆಲಸ ಮುಗಿದಾಗ ಅಡಿಲೇಡ್‌ನ ಸ್ಯಾಲಿಸ್‌ಬರಿಯಲ್ಲಿ ಒಂದು ಕಾರ್ಖಾನೆಯಲ್ಲಿ ಸಿಕ್ಕಿತು. ಸಂಬಳ ಕಡಿಮೆ, ಆದರೆ ಅಲ್ಲಿಂದ ಬ್ರಿಸ್ಬೇನ್‌ಗೆ ವಿಮಾನದ ದಾರಿ ಅರ್ಧ. ಒಪ್ಪಿಕೊಂಡೆ. ಮನೆ ಖಾಲಿ ಮಾಡುವಾಗ ಎಲ್ಲಕ್ಕಿಂತ ಕೊನೆಗೆ ಕಟ್ಟಿದ್ದು, ಹೊಸ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಬಿಚ್ಚಿದ್ದು ಆ ಮೋಡೆಮ್ ಸೆಟ್ಟನ್ನೇ. ಸೆಪ್ಟೆಂಬರ್‌ನ ಶಾಲಾ ರಜೆಯಲ್ಲಿ ಮಗಳನ್ನು ನೋಡಲು ಹೋದೆ. ಅಲ್ಲಿಯವರೆಗೆ ನಾನು ಬ್ರಿಸ್ಬೇನ್‌ಗೆ ಹೋದಾಗಲೆಲ್ಲ ಅವಳ ಅಮ್ಮ ಅವಳನ್ನು ಶಾಪಿಂಗ್ ಸೆಂಟರಿನಲ್ಲಿ ಬಿಟ್ಟುಹೋಗುತ್ತಿದ್ದಳು. ಈ ಸಲ ಮಾತ್ರ, “ಮನೆಗೇ ಬನ್ನಿ, ಟೀ ಕುಡ್ಕೊಂಡು ಕರ್ಕೊಂಡು ಹೋಗಿ” ಎಂದಳು.

ಒಳ್ಳೆಯ ಮನೆ. ಬಾಗಿಲಲ್ಲಿ ಆತ ಕೈ ಕುಲುಕಿದರು. ಕುಳ್ಳಗೆ, ತಲೆ ನರೆತ, ಮೆಲುದನಿಯ ಮನುಷ್ಯ. ಮಗಳು ನನ್ನ ಭುಜದೆತ್ತರಕ್ಕೆ ಬೆಳೆದಿದ್ದಳು. ಎಲ್ಲರೂ ಊಟದ ಮೇಜಿನ ಸುತ್ತ ಕೂತೆವು, ಆತ ಟೀ ಮಾಡಲು ನಿಂತರು. ಏನು ಮಾತಾಡಬೇಕೆಂದು ತೋಚದೆ ನಾನು ಮಗಳಿಗೆ ಹೇಳಿದೆ, “ಮೊನ್ನೆ ಕೊನೇ ಗುಹೇಲಿ ಚೆನ್ನಾಗಿ ಬಚಾವ್ ಮಾಡ್ದೆ ಕಣೆ ನನ್ನ. ಆ ಬಂಡೆ ಹಿಂದೆ ನಿಂತು ಹೊಡೆಯೋದು ಎಲ್ಲಿ ಕಲಿತೆ?”

ಅವಳು ನನ್ನ ಮುಖ ನೋಡಲಿಲ್ಲ. ಅಡುಗೆಮನೆಯ ಕಡೆ ನೋಡಿದಳು. ಆತ ಕೆಟಲ್ ನೋಡುತ್ತ ನಿಂತಿದ್ದರು.

“ಆನ್‌ಲೈನ್,” ಎಂದಳು.

“ಎಲ್ಲಿಟ್ಟಿದ್ದೀಯ ಸೆಟ್ಟು? ತೋರಿಸು, ಬೆಸುಗೆ ಹೇಗೆ ಹಾಕಿದ್ದೀಯ ನೋಡೋಣ.”

ಅವಳ ಅಮ್ಮ, “ಆಮೇಲೆ ನೋಡ್ಬಹುದು, ಟೀ ಆರೋಗತ್ತೆ” ಎಂದಳು. ನಾನು ಆಗಲೇ ಎದ್ದಿದ್ದೆ. ಮಗಳು ನನ್ನನ್ನು ತನ್ನ ಕೋಣೆಗೆ ಕರೆದುಕೊಂಡು ಹೋಗಲಿಲ್ಲ. ಗರಾಜಿಗೆ ಕರೆದುಕೊಂಡು ಹೋದಳು. ಅಲ್ಲಿ ಆತನ ಕೆಲಸದ ಮೇಜು, ಗೋಡೆಗೆ ಸ್ಪ್ಯಾನರುಗಳು. ಮೇಜಿನ ಮೇಲೆ ಒಂದು ಹಳೆಯ ಟಿವಿ, ನಮ್ಮ ಬಿಳಿ ಕನ್ಸೋಲ್, ನನ್ನ ಬಣ್ಣದ ಟೇಪಿನ ವೈರುಗಳು. ಕೀಬೋರ್ಡಿನ ಮೇಲೆ ಮಡಿಸಿಟ್ಟ ಒಂದು ಓದುವ ಕನ್ನಡಕ. ನಡುವಯಸ್ಸಿನವರ ಕನ್ನಡಕ.

ಅದನ್ನು ನೋಡುತ್ತ ನಿಂತೆ. ಮಗಳು ಗೋಡೆಗೆ ಒರಗಿದಳು. ಮುಂದೆ ಅವಳು ಹೇಳಿದ್ದೆಲ್ಲ ಇಂಗ್ಲಿಷಿನಲ್ಲಿ. ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಭಾನುವಾರ ನನಗೆ ನೆಟ್‌ಬಾಲ್ ಇರುತ್ತೆ ಅಪ್ಪ.”

“ಯಾವಾಗಿಂದ?”

“ಹೋದ ವರ್ಷದಿಂದ.”

“ಹೋದ ವರ್ಷ ಪೂರ್ತಿ? ಮತ್ತೆ ಈ ವರ್ಷ?”

“ಹೇಳೋಣ ಅಂತಲೇ ಇದ್ದೆ. ಒಂದು ವಾರ ಟ್ರಯಲ್ಸ್ ಇತ್ತು, ನೀನು ಬೇಜಾರು ಮಾಡ್ಕೋತೀಯ ಅಂತ ನನ್ನ ಬದಲು ಅಂಕಲ್ ಕೂತ್ರು. ಆಮೇಲೆ ಇನ್ನೊಂದು ವಾರ. ಬುಧವಾರ ಫೋನಲ್ಲಿ ನೀನು ಎಷ್ಟು ಖುಷಿಯಾಗಿ ಅದನ್ನೇ ಹೇಳ್ತಿದ್ದೆ. ನಂಗೆ ಹೇಗೆ ನಿಲ್ಲಿಸ್ಬೇಕು ಅಂತ ಗೊತ್ತಾಗ್ಲಿಲ್ಲ.”

ಆತ ಬಾಗಿಲಿಗೆ ಬಂದಿದ್ದರು. “ಅವಳಿಗೆ ಎಂತದೂ ಹೇಳ್ಬೇಡಿ. ತಪ್ಪು ನಂದು. ಒಂದು ದಿನಕ್ಕೆ ಅಂತ ಕೂತದ್ದು ನಾನು. ನಿಮ್ಮನ್ನು ಮೋಸ ಮಾಡ್ಲಿಕ್ಕೆ ಅಲ್ಲ ಮಾರಾಯ್ರೆ.”

ಹೇಳಿದವರೇ ನಾಲಿಗೆ ಕಚ್ಚಿಕೊಂಡರು.

ಅವರ ಹಿಂದೆ ಅವಳ ಅಮ್ಮ ನಿಂತಿದ್ದಳು. ಅವಳು ಯಾವತ್ತೂ ಸುತ್ತಿಬಳಸಿ ಮಾತಾಡಿದವಳಲ್ಲ. “ಇಬ್ರದ್ದೂ ತಪ್ಪಿಲ್ಲ. ನಡೀಲಿ ಬಿಡಿ ಅಂತ ಹೇಳಿದ್ದು ನಾನು. ನಿಮಗೆ ಅಲ್ಲಿ ಬೇರೆ ಏನಿದೆ?”

ಏನೂ ಇರಲಿಲ್ಲ. ಆ ಮೂವರೂ ಊಟದ ಮೇಜಿನಲ್ಲಿ ನನ್ನ ವಿಷಯ ಮಾತಾಡಿಕೊಂಡಿದ್ದಾರೆ. ಈ ವಾರ ಪಾತ್ರೆ ಯಾರು ತೊಳೆಯುವುದು, ಕಸದ ಬಿನ್ ಯಾರು ಹೊರಗಿಡುವುದು ಎಂದು ಹಂಚಿಕೊಳ್ಳುವ ಹಾಗೆ ನನ್ನನ್ನೂ ಹಂಚಿಕೊಂಡಿದ್ದಾರೆ. ನಾನು ಆ ಮನೆಯ ಭಾನುವಾರದ ಒಂದು ಕೆಲಸ.

ಕೂಗಾಡಲಿಲ್ಲ. ಆರಿದ ಟೀ ಕುಡಿದೆ. ಮಗಳನ್ನು ಕರೆದುಕೊಂಡು ಹೋಗಿ ಐಸ್‌ಕ್ರೀಮ್ ಕೊಡಿಸಿದೆ. ಅವಳು ಅತ್ತಳು, ನಾನು ಸಮಾಧಾನ ಮಾಡಿದೆ. ಬಿದ್ದವನು ನಾನು, ಎಬ್ಬಿಸಬೇಕಾಗಿ ಬಂದದ್ದೂ ನಾನೇ. ಸಂಜೆ ಅವಳನ್ನು ಮನೆಗೆ ಬಿಟ್ಟೆ. ನಾನು ನಡೆದೇ ಹೋಗುತ್ತೇನೆಂದರೂ ಕೇಳದೆ ಆತ ಸ್ಟೇಷನ್ನಿನ ತನಕ ಕಾರಿನಲ್ಲಿ ಬಿಟ್ಟರು. ನಿಲ್ಲಿಸಿದ ಮೇಲೆ ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟುಕೊಂಡೇ ಕೇಳಿದರು.

“ಒಂದು ಮಾತು ಹೇಳ್ಲಾ? ಮೊದಮೊದಲು ಅವಳಿಗೋಸ್ಕರ ಕೂತದ್ದು ಹೌದು. ಆಮೇಲೆ ನನಗೂ ಖುಷಿ ಆಗ್ತಿತ್ತು. ನನಗೆ ಇಲ್ಲಿ ಅಂಥ ಸ್ನೇಹಿತರು ಯಾರೂ ಇಲ್ಲ. ಬರುವ ಭಾನುವಾರ ಬರ್ತೀರಾ?”

“ಯಾರ ಜೊತೆ ಆಡೋಕೆ?” ಎಂದೆ.

ನಾನು ಇಳಿದು ಬಾಗಿಲು ಹಾಕಿದೆ, ಬೇಕಾದ್ದಕ್ಕಿಂತ ಜೋರಾಗಿ.

ಟ್ರೈನಿನಲ್ಲಿ ಕೂತಾಗಲೇ ನನಗೆ ಪೂರ್ತಿ ಹೊಳೆದದ್ದು. ಹ್ಯಾಟಿನ ವಿಷಯ ಓದಿದ್ದು ಆತ. ಮನೆ ಬಿಕೋ ಅನ್ನುತ್ತದೆಂದು ಓದಿದ್ದು ಆತ. ಆತನ ಹೆಂಡತಿಯ ಮೇಲೆ ನಾನು ಹೇಗೆ ಕೂಗಾಡುತ್ತಿದ್ದೆನೆಂದು ಓದಿ, ಗರಾಜಿನಲ್ಲಿ ಕನ್ನಡಕ ಸರಿಮಾಡಿಕೊಂಡು, ಒಂದೊಂದೇ ಬೆರಳಿನಲ್ಲಿ, ಇಟ್ಸ್ ಓಕೆ ಅಪ್ಪ ಎಂದು ಒತ್ತಿದ್ದೂ ಆತ. ನನ್ನ ಮಗಳಿಂದ ಕ್ಷಮೆ ಸಿಕ್ಕಿತೆಂದುಕೊಂಡು ಅಷ್ಟು ತಿಂಗಳು ಹಗುರಾಗಿ ನಡೆದಾಡಿದ್ದೆ. ಅವಳಿಗೆ ನಾನು ಕೇಳಿದ್ದೇ ಗೊತ್ತಿಲ್ಲ.

ಆತ ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ನನ್ನನ್ನು ಆಡಿಕೊಂಡು ನಕ್ಕಿದ್ದರೆ, ಗೆಳೆಯರಿಗೆ ತೋರಿಸಿದ್ದರೆ ದ್ವೇಷಿಸಿಕೊಂಡಾದರೂ ಇರಬಹುದಿತ್ತು. ಆತ ಬಾಗಿಲ ಹತ್ತಿರ ನನಗಾಗಿ ಕಾದರು, ತಮ್ಮ ಪಾಲಿನ ಔಷಧ ನನಗೆ ಕೊಟ್ಟರು. ಅವರ ಒಳ್ಳೆಯತನವೇ ನನಗೆ ಗಂಟಲಲ್ಲಿ ಇಳಿಯಲಿಲ್ಲ. ಇವತ್ತಿಗೂ ಇಳಿದಿಲ್ಲ. ಹೆಂಡತಿ, ಮಗಳು, ಭಾನುವಾರ, ಕೊನೆಗೆ ನನ್ನ ಗುಟ್ಟುಗಳೂ ಒಂದೊಂದಾಗಿ ಒಬ್ಬನೇ ಮನುಷ್ಯನ ಮನೆ ಸೇರಿದವು, ಆತ ಒಂದನ್ನೂ ಕಿತ್ತುಕೊಳ್ಳದೆ.

ಅಡಿಲೇಡಿಗೆ ಬಂದ ಮೇಲೆ ಆತ ಎರಡು ಮೂರು ಸಲ ಫೋನ್ ಮಾಡಿದರು. ನಾನು ಎತ್ತಲಿಲ್ಲ. ಕಾರ್ಖಾನೆಯಲ್ಲಿ ಹಳೆಯ ಗೇಮ್‌ಗಳ ಆಸೆಯಿದ್ದವನೊಬ್ಬನಿದ್ದ, ಅವನಿಗೆ ಕನ್ಸೋಲ್, ಬೋರ್ಡು, ಮೋಡೆಮ್ ಎಲ್ಲವನ್ನೂ ಸುಮ್ಮನೆ ಕೊಟ್ಟುಬಿಟ್ಟೆ. ಹೇಗೆ ಜೋಡಿಸಬೇಕೆಂದು ಕೇಳಿದ. ನೀನೇ ಹುಡುಕಿಕೋ ಎಂದೆ. ಆಮೇಲೆ ಹಾಗೆ ಹೇಳಬಾರದಿತ್ತು ಅನ್ನಿಸಿತು, ಆದರೂ ಹೋಗಿ ಹೇಳಿಕೊಡಲಿಲ್ಲ. ಬುಧವಾರದ ಫೋನ್ ಮುಂದುವರಿಯಿತು. ಗುಡ್, ಗುಡ್, ಪಾಸ್ತಾ. ಈಗ ಅವಳು ನೆಟ್‌ಬಾಲ್ ಬಗ್ಗೆ ಹೇಳುತ್ತಿದ್ದಳು, ಹೇಳುವಾಗ ಹುಷಾರಾಗಿ ಹೇಳುತ್ತಿದ್ದಳು.

ಮುಂದಿನ ವರ್ಷದ ರಜೆಯಲ್ಲಿ ಅವಳೊಬ್ಬಳೇ ಅಡಿಲೇಡಿಗೆ ಬಂದಳು. ಅವಳ ಮನೆಯ ಪಕ್ಕದ ಗೆಳತಿಯೊಬ್ಬಳು ಅದೇ ರಜೆಗೆ ಇಲ್ಲಿನ ಕಡಲತಡಿಯ ಗ್ಲೆನೆಲ್ಗ್‌ನಲ್ಲಿದ್ದ ತನ್ನ ಅಜ್ಜಿಯ ಮನೆಗೆ ಬಂದಿದ್ದಳು. ನಾವು ಸಮುದ್ರಕ್ಕೆ ಹೋದೆವು, ಬಿಸಿ ಚಿಪ್ಸ್ ತಿಂದೆವು, ನಾನು ಮಾಡಿದ ಬಿಸಿಬೇಳೆಬಾತು ಚೆನ್ನಾಗಿದೆ ಎಂದು ಎರಡು ಸಲ ಹಾಕಿಸಿಕೊಂಡಳು. ಎಲ್ಲದರಲ್ಲೂ ಅವಳು ನನ್ನ ಮುಖ ನೋಡಿ ನೋಡಿ ಮುಂದುವರಿಯುತ್ತಿದ್ದಳು. ಹೊರಡುವ ಹಿಂದಿನ ಮಧ್ಯಾಹ್ನ ಆ ಗೆಳತಿಯ ಫೋನ್ ಬಂತು, ಸಂಜೆ ಬೀಚಿಗೆ ಬಾ ಎಂದು. ಇವಳು ನೋಡ್ತೀನಿ ಎಂದು ಇಟ್ಟಳು. ಬಂದು ಸೋಫಾದ ತುದಿಯಲ್ಲಿ ಕೂತಳು.

“ಅಪ್ಪ, ಏನಾದ್ರೂ ಆಡೋಣ್ವಾ? ಕಾರ್ಡ್ಸ್? ಐ ಡೋಂಟ್ ಹ್ಯಾವ್ ಟು ಗೋ.”

ಅಷ್ಟು ಕನ್ನಡವನ್ನು ಅವಳು ನನಗಾಗಿ ಜೋಡಿಸಿಕೊಂಡು ಬಂದಿದ್ದಳು.

“ಬೇಡ ಪುಟ್ಟಿ,” ಎಂದೆ. “ನನಗೂ ಸ್ವಲ್ಪ ಕೆಲಸ ಇದೆ. ನೀನು ಹೋಗಿ ಬಾ.”

ಕೆಲಸವೇನೂ ಇರಲಿಲ್ಲ. “ಶೂರ್?” ಎಂದು ಕೇಳಿದಳು. ಹೂಂ ಎಂದೆ. ಆಗ ಅವಳ ಮುಖ ಸಡಿಲವಾದದ್ದನ್ನು, ಭುಜ ಇಳಿದದ್ದನ್ನು ನಾನು ನೋಡಿದೆ. ನನ್ನ ಕೆನ್ನೆಗೊಂದು ಮುತ್ತು ಕೊಟ್ಟು ಚಪ್ಪಲಿ ಮೆಟ್ಟಿಕೊಂಡು ಹೊರಟಳು.